ಬಿಳಿ ಗೌನಿನ ಅಂಚಿಗೆ ಅರಿಶಿನ

ಜಯಾಳಷ್ಟು ಪುಕ್ಕಲು ಹೆಂಗಸನ್ನು ನಾನು ಅಲ್ಲಾಳಸಂದ್ರದಲ್ಲಿ ಇನ್ನೊಬ್ಬಳನ್ನು ಕಂಡಿಲ್ಲ. ಗೇಟು ಸದ್ದಾದರೆ ಎದೆ ಹಿಡಿದುಕೊಳ್ಳುತ್ತಾಳೆ. ಯಲಹಂಕದ ವಿಮಾನಗಳ ಕೆಳಗೇ ಇಷ್ಟು ವರ್ಷ ಬಾಳಿದರೂ ಪ್ರತಿ ಸಲ ಕತ್ತು ಬಗ್ಗಿಸುತ್ತಾಳೆ. ಅವಳಪ್ಪ ಸೇತುರಾಮ ಯಶವಂತಪುರದ ಎರಡು ಕೋಣೆಯ ಮನೆಯಲ್ಲಿ ಮಕ್ಕಳನ್ನು ಬೈದು ಎಬ್ಬಿಸಿ, ಬೈದು ಮಲಗಿಸಿದ ಮಹಾನುಭಾವ. ತಪ್ಪು ಮಾಡಿದರೆ ಮೊದಲು ಮುಚ್ಚಿಡಬೇಕು ಎಂಬ ಒಂದೇ ಪಾಠವನ್ನು ಅವಳು ಅಲ್ಲಿ ಚೆನ್ನಾಗಿ ಕಲಿತಳು.

ಅಂಥವಳ ಕೈಗೆ ಸೂಜಿ ಸಿಕ್ಕರೆ ಮಾತ್ರ ಭಯ ಎಲ್ಲೋ ಹೋಗುತ್ತಿತ್ತು. ಮದುವೆಯಾಗಿ ಬಂದ ಮೇಲೆ ನಮ್ಮ ಬೀದಿಯ ಸೀರೆಗಳಿಗೆಲ್ಲ ಅವಳೇ ಫಾಲ್ಸ್ ಹಾಕುತ್ತಿದ್ದಳು. ಹೊಲಿಗೆ ಸೀರೆಯ ಮೇಲ್ಬದಿಗೆ ಕಾಣುತ್ತಿರಲಿಲ್ಲ. ಒಂದು ಗೃಹಪ್ರವೇಶದಲ್ಲಿ ಬಿಳಿ ಕೂದಲಿನ ವಿದೇಶಿ ಹೆಂಗಸೊಬ್ಬಳು ನನ್ನ ಸೀರೆಯ ಅಂಚನ್ನು ತಿರುವಿ ತಿರುವಿ ನೋಡಿ, "ಯಾರು ಇದು ಹೊಲಿದಿದ್ದು?" ಎಂದಳು. ನನಗೆ ಕೋಪವೇ ಬಂದಿತ್ತು, ಹೇಳದೆ ಕೇಳದೆ ಸೀರೆ ಎತ್ತುತ್ತಾಳಲ್ಲ ಎಂದು. ಅವಳೇ ಎಲೆನಾ ಬರ್ತೋಲಿ. ಜಯಾಳಿಗೆ ಕೆಲಸ ಸಿಕ್ಕಿದ್ದು ಹಾಗೆ.

ಎಲೆನಾ ಇಟಲಿಯವಳು, ಕೊಮೊ ಸರೋವರದ ಕಡೆಯವಳು. ಅವಳ ತಾಯಿ ರೇಷ್ಮೆ ಗಿರಣಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳಂತೆ. ಹದಿನಾರಕ್ಕೇ ಮಿಲಾನಿಗೆ ಹೋಗಿ ದೊಡ್ಡ ಡಿಸೈನರ್ ಒಬ್ಬನ ಹಿಂಬದಿಯ ಕೋಣೆಯಲ್ಲಿ ಕೂತಳು. ಇವಳು ಬರೆದ ಉಡುಪು, ಇವಳು ಕತ್ತರಿಸಿದ ಉಡುಪು ಅವನ ಹೆಸರಿನಲ್ಲಿ ಮೆರೆದವು. "ಅವ್ನು ಮೆಟ್ಲು ಹತ್ತೋ ಸದ್ದು ಕೇಳಿದ್ರೆ ನಮ್ಗೆಲ್ಲಾ ಉಸಿರು ನಿಲ್ತಿತ್ತು" ಎಂದು ಟೀ ಕುಡಿಯುತ್ತಾ ನಗುನಗುತ್ತಾ ಹೇಳುತ್ತಿದ್ದಳು. ಕೊನೆಗೆ ಸಾಕಾಗಿ, ರೇಷ್ಮೆ ನೋಡಲೆಂದು ಬೆಂಗಳೂರಿಗೆ ಬಂದವಳು ಕೆರೆಯ ಹತ್ತಿರ ಮನೆ ಹಿಡಿದು ಇಲ್ಲೇ ಉಳಿದಳು. ಕೆಳಗೆ ಹೊಲಿಗೆ, ಮೇಲೆ ವಾಸ. ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡಿಯೇ ಕನ್ನಡ ಕಲಿತಳು.

ಈ ಸಲ ಮಿಲಾನಿನಲ್ಲಿ ಅವಳ ಸ್ವಂತ ಹೆಸರಿನ ಮೊದಲ ಪ್ರದರ್ಶನ. ಅರವತ್ತು ದಾಟಿದ ಮೇಲೆ! ಬೇರೆ ಉಡುಪುಗಳು ಮೊದಲೇ ಹೋಗಿದ್ದವು. ಕೊನೆಗೆ ತೋರಿಸಬೇಕಾದ ಬಿಳಿ ರೇಷ್ಮೆ ಗೌನ್ ಒಂದನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಸಂಜೆಯ ವಿಮಾನಕ್ಕೆ ಹೊರಡುವವಳಿದ್ದಳು. ಅದರ ಅಂಚಿನ ಕೈಹೊಲಿಗೆ ಜಯಾಳದ್ದೇ ಆಗಬೇಕೆಂದು ಹಿಂದಿನ ಸಂಜೆ ಅವಳ ಮನೆಗೇ ಕಳಿಸಿದ್ದಳು.

ಜಯಾ ಬೆಳಗ್ಗೆ ಬೇಗ ಎದ್ದು ಹೆಮ್ಮಿಂಗ್ ಮುಗಿಸಿ, ಗೌನನ್ನು ಬೀರುವಿನ ಬಾಗಿಲಿಗೆ ತೂಗುಹಾಕಿ ಸ್ನಾನಕ್ಕೆ ಹೋದಳು. ಬಂದು ನೋಡಿದರೆ ಅಂಚಿನಲ್ಲಿ ಹಳದಿ ಬೊಟ್ಟು. ಅವಳ ಅತ್ತೆ ವೆಂಕಟಲಕ್ಷ್ಮಮ್ಮ ಪೂಜೆ ಮುಗಿಸಿ, ಮನೆಯಲ್ಲಿ ಹೊಸ ಬಟ್ಟೆ ಕಂಡಾಗಲೆಲ್ಲ ಮಾಡುವಂತೆ ಅದಕ್ಕೂ ಅರಿಶಿನ ಹಚ್ಚಿ, ನಿಶ್ಚಿಂತೆಯಿಂದ ಹಾಲಿನ ಬೂತಿಗೆ ಹೊರಟುಹೋಗಿದ್ದರು.

ಜಯಾ ಗೌನನ್ನು ಬಾಗಿಲಿನಿಂದ ಇಳಿಸಿದಳು. ಫೋನ್ ಎತ್ತಿ ಎಲೆನಾಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಒದ್ದೆ ಬೆರಳಿಗೆ ಸೋಪು ತಾಗಿಸಿಕೊಂಡು ಆ ಬೊಟ್ಟನ್ನು ಉಜ್ಜಿದಳು. ಸೋಪು ತಾಗಿದರೆ ಅರಿಶಿನ ಏನಾಗುತ್ತದೆಂದು ನಮ್ಮ ಹೆಂಗಸರಿಗೆಲ್ಲ ಗೊತ್ತು, ಅವಳಿಗೂ ಗೊತ್ತು. ಭಯದಲ್ಲಿ ಮರೆತಳು. ಹಳದಿ ಬೊಟ್ಟು ಅವಳ ಕಣ್ಣೆದುರೇ ಕೆಂಪಾಯಿತು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಉಳಿದದ್ದು ಬಿಸಿಲೊಂದೇ. ಗೌನನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ ತಾರಸಿಗೆ ಒಯ್ದು, ಕಲೆಯಾದ ತುದಿಯೊಂದನ್ನೇ ಬಿಸಿಲಿಗೆ ಚಾಚಿ, ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಕಾಗೆ ಬಂದರೆ ಭಯ, ಪಕ್ಕದ ಕಟ್ಟಡದ ಸಿಮೆಂಟ್ ಧೂಳು ಹಾರಿದರೆ ಭಯ. ಮೋಡ ಅಡ್ಡ ಬಂದಾಗಲಂತೂ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು. ಕೆಂಪು ಮತ್ತೆ ಹಳದಿಗೆ ತಿರುಗಿತು. ಹಳದಿ ನಿಧಾನವಾಗಿ ಮಾಸತೊಡಗಿತು. ಹೊತ್ತು ನೆತ್ತಿಗೇರುವಾಗ ಕಲೆ ಹೋಗಿ, ನೀರು ತಾಗಿದ ಕಡೆ ರೇಷ್ಮೆ ಹೊಳಪು ಕಳೆದುಕೊಂಡ ಒಂದು ದುಂಡು ಗುರುತು ಮಾತ್ರ ಉಳಿಯಿತು.

ಆಗಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು. ಎಲೆನಾಳ ಚಪ್ಪಲಿ. ಹಿಂದೆಯೇ ವೆಂಕಟಲಕ್ಷ್ಮಮ್ಮನ ಉಬ್ಬಸ. ಜಯಾಳ ಉಸಿರು ನಿಂತಿತು.

"ಜಯಾ, ಕಾರು ಬಂತು. ಗೌನ್ ಇಲ್ಲಿ ಯಾಕೆ?"

"ಗಾಳಿಗೆ... ಗಾಳಿಗೆ ಹಾಕಿದ್ದೆ ಮೇಡಂ."

ಅತ್ತೆ ಮುಂದೆ ಬಗ್ಗಿ ಅಂಚನ್ನು ನೋಡಿದರು. "ಅರಿಶಿನ ಎಲ್ಲೇ? ಬೆಳಗ್ಗೆ ನಾನೇ ಹಚ್ಚಿದ್ನಲ್ಲ! ತೊಳ್ದ್‌ಬಿಟ್ಯಾ? ಅರಿಶಿನ ಇಲ್ದೆ ಹೊಸಬಟ್ಟೆ ಯಾವಾಗ ಹಾಕ್ತಾರೆ ಅಂತ ಗೊತ್ತಿಲ್ವಾ ನಿಂಗೆ?"

ಎಲೆನಾ ಅಂಚನ್ನು ಬೆರಳ ಮೇಲೆ ಹಾಸಿ ನೋಡಿದಳು. ಅವಳ ಮುಖ ಬಿಗಿಯಿತು.

"ನೀರು! ರೇಷ್ಮೆಗೆ ನೀರು! ಯಾಕೆ ನಂಗೆ ಹೇಳ್ಲಿಲ್ಲ?"

"ಭಯ ಆಯ್ತು ಮೇಡಂ."

"ಯಾರ ಭಯ?"

"ನಿಮ್ದೇ."

ಎಲೆನಾ ತಾನು ಹತ್ತಿ ಬಂದ ಮೆಟ್ಟಿಲನ್ನೊಮ್ಮೆ ತಿರುಗಿ ನೋಡಿದಳು. ಆಮೇಲೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಗುರುತು ಬಿದ್ದ ಕಡೆ ಉಗುರಿನಿಂದ ಗೆರೆ ಎಳೆದಳು. "ಒಂದು ಬೆರಳು ಒಳಗೆ ಮಡಚು. ಪೂರ್ತಿ ಸುತ್ತ. ಕಾರು ಕಾಯ್ಲಿ."

ಜಯಾ ಹೊಲಿಗೆ ಬಿಚ್ಚಿದಳು, ಮಡಚಿದಳು, ಮತ್ತೆ ಹೊಲಿದಳು. ಕೆಳಗೆ ಡ್ರೈವರ್ ಹಾರನ್ ಒತ್ತುತ್ತಲೇ ಇದ್ದ. ಸೂಜಿ ಹಿಡಿದು ನಡುಗಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಮುಗಿದಾಗ ಆ ಗುರುತು ಮಡಿಕೆಯೊಳಗೆ ಅಡಗಿತ್ತು. ಎಲೆನಾ ಅಂಚನ್ನು ತಿರುವಿ ನೋಡಿ ತಲೆಯಾಡಿಸಿದಳು, ಗೌನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಆದರೆ ಹೊರಡಲಿಲ್ಲ. ಪ್ರಯಾಣಕ್ಕೆಂದು ಹೊಸದಾಗಿ ಹೊಲಿಸಿಕೊಂಡಿದ್ದ ಬಿಳಿ ಅಂಗಿಯ ತುದಿಯನ್ನು ಮುಂದೆ ಹಿಡಿದು, "ಅಮ್ಮ, ಇದೂ ಹೊಸ್ದು" ಎಂದಳು.

ವೆಂಕಟಲಕ್ಷ್ಮಮ್ಮ ಕೆಳಗಿಳಿದು ದೇವರ ಮನೆಯಿಂದ ಅರಿಶಿನದ ಬಟ್ಟಲು ತಂದು, ಏನನ್ನಿಸಿತೋ, ಸೊಸೆಯ ಕೈಗೆ ಕೊಟ್ಟರು. ಜಯಾ ಬೆರಳು ಅದ್ದಿ ಬೊಟ್ಟು ಇಡಲು ಹೋದರೆ ಇಡಲಾಗಲಿಲ್ಲ. ಅವಳ ಬೆರಳು ನೆಟ್ಟಗೇ ಇತ್ತು. ನಡುಗುತ್ತಿದ್ದದ್ದು ಎಲೆನಾ ಹಿಡಿದಿದ್ದ ಅಂಗಿಯ ತುದಿ. ಜಯಾ ಎಡಗೈಯಿಂದ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅರಿಶಿನ ಹಚ್ಚಿದಳು.