ಹೊಸ ಕುಕ್ಕರಿಗೆ ಹಾಲು ಉಕ್ಕಿಸಿದ್ದು

ನನ್ನ ಓರಗಿತ್ತಿ ಕೆಲಸಕ್ಕೆ ಹೊರಟ ದಿನದಿಂದಲೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಇದನ್ನು ಸುತ್ತಿ ಬಳಸಿ ಹೇಳಿ ಏನೂ ಪ್ರಯೋಜನವಿಲ್ಲ. ಹಳೇಬೀಡಿನಲ್ಲಿ ನಮ್ಮದು ಒಂದೇ ಮನೆ. ಭಾಗವಾದ ಮೇಲೆ ಅಡುಗೆಮನೆ ಮಾತ್ರ ಎರಡಾಗಿದೆ. ನಡುಮನೆ, ಜಗಲಿ, ಹಿತ್ತಲು ಈಗಲೂ ಒಟ್ಟಿಗೇ. ಅತ್ತೆ ನಮ್ಮ ಕಡೆ ಊಟ ಮಾಡುತ್ತಾರೆ, ಮಾತು ಮಾತ್ರ ಎರಡೂ ಕಡೆ ಆಡುತ್ತಾರೆ.

ಬೆಳಿಗ್ಗೆ ಎಂಟರ ಬೇಲೂರು ಬಸ್ಸಿಗೆ ಅವಳು ಹೊರಡುವುದನ್ನು ನಾನು ಪೊರಕೆ ಹಿಡಿದುಕೊಂಡು ನೋಡುತ್ತಿದ್ದೆ. ಸೀರೆಗೆ ಪಿನ್ನು, ಹೆಗಲಿಗೆ ಬ್ಯಾಗು, ಕಂಡಕ್ಟರಿಗೆ ತೋರಿಸಲು ಕೈಯಲ್ಲೇ ಆಧಾರ್ ಕಾರ್ಡು. ಬೇಲೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ. ಫ್ಯಾನಿನ ಕೆಳಗೆ ಕುರ್ಚಿ, ಎದುರಿಗೆ ಕಂಪ್ಯೂಟರು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಫಸ್ಟ್ ಕ್ಲಾಸು. ಅವಳು ಪಿಯುಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದು ಆಮೇಲೆ ಪಾಸಾದವಳು. ಇದನ್ನು ನಾನಾಗಿ ಯಾರಿಗೂ ಹೇಳುತ್ತಿರಲಿಲ್ಲ. ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ, ಯಾರೂ ಕೇಳಲಿಲ್ಲ.

ಅವಳ ಕೆಲಸಕ್ಕೆ ಒಂದೇ ಒಂದು ತೊಡಕಿತ್ತು. ನನ್ನ ಮೈದುನನಿಗೆ ಮಧ್ಯಾಹ್ನ ಬಿಸಿ ಅನ್ನವೇ ಆಗಬೇಕು. ತೋಟದಿಂದ ಬಂದು ಕೈಕಾಲು ತೊಳೆದು ಕೂತರೆ ತಟ್ಟೆಯಲ್ಲಿ ಹಬೆ ಆಡುತ್ತಿರಬೇಕು. ಬೆಳಿಗ್ಗೆ ಆರಕ್ಕೆ ಮಾಡಿಟ್ಟ ಅನ್ನವನ್ನು ಒಂದು ತಿಂಗಳು ಮುಖ ಸಿಂಡರಿಸಿಕೊಂಡೇ ತಿಂದ. ಆಮೇಲೆ, ಬಿಸಿ ಊಟಕ್ಕೆ ದಾರಿ ಮಾಡು, ಇಲ್ಲದಿದ್ದರೆ ಕೆಲಸ ಬಿಡು ಅಂದುಬಿಟ್ಟ. ಗೋಡೆಯ ಈಚೆಗಿದ್ದ ನನಗೆ ಅದು ಚೆನ್ನಾಗಿ ಕೇಳಿಸಿತು. ಆ ದಿನ ನನ್ನ ಕೈಯ ಸಾರು ತುಂಬ ರುಚಿಯಾಗಿತ್ತು ಅಂತ ಅತ್ತೆ ಹೇಳಿದರು. ಯಾಕೆ ರುಚಿಯಾಗಿತ್ತು ಅಂತ ನನಗೆ ಗೊತ್ತು.

ಅವಳು ಅಳುತ್ತಾ ಕೂರುವ ಹೆಣ್ಣಲ್ಲ. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬಳು ಕರೆಂಟಿನ ಪ್ರೆಷರ್ ಕುಕ್ಕರ್ ವಿಷಯ ಹೇಳಿದ್ದಳಂತೆ. ಬೆಳಿಗ್ಗೆ ಅಕ್ಕಿ ನೀರು ಹಾಕಿ ಗುಂಡಿ ಒತ್ತಿ ಹೋದರೆ ನಾವು ಹೇಳಿದ ಹೊತ್ತಿಗೆ ತಾನೇ ಹತ್ತಿಕೊಂಡು, ತಾನೇ ಬೇಯಿಸಿ, ತಾನೇ ಆರಿ, ತೆಗೆಯುವ ತನಕ ಬೆಚ್ಚಗೆ ಇಟ್ಟಿರುತ್ತದಂತೆ. ನನ್ನ ತವರು ಅರಸೀಕೆರೆ ಪಕ್ಕ. ಅಲ್ಲಿನ ಅಂಗಡಿಗಳು ನನಗೆ ಗೊತ್ತು. ಹಾಗಾಗಿ ಒಂದು ಭಾನುವಾರ ಅಕ್ಕ, ನೀವೂ ಬನ್ನಿ ಅಂತ ನನ್ನನ್ನೇ ಹೊರಡಿಸಿದಳು.

ಅಂಗಡಿಯವನು ಮೊದಲು ದೊಡ್ಡದನ್ನು ತೋರಿಸಿದ. ಅದರ ಹೊಟ್ಟೆಯ ಮೇಲೆ ಹದಿನೈದೋ ಹದಿನಾರೋ ಗುಂಡಿ. ಕೇಕು, ಮೊಸರು, ಏನೇನೋ. ಇವಳು ಅದನ್ನು ಮುಟ್ಟಲೂ ಇಲ್ಲ. ಅನ್ನ, ಬೇಳೆ, ಕಾಳು ಬೆಂದರೆ ಸಾಕು, ಹೊತ್ತು ಇಡುವ ಗುಂಡಿ ಇರಬೇಕು, ಇರುವುದರಲ್ಲಿ ಅಗ್ಗದ್ದು ಕೊಡಿ ಅಂದಳು. ಅವನು ಕೆಳಗಿನ ಕಪಾಟಿನಿಂದ ಧೂಳು ಒರೆಸಿ ಒಂದನ್ನು ತಂದ. ಮೂರು ಲೀಟರಿನದು, ಕಪ್ಪು ಬಣ್ಣ. ಒಳಪಾತ್ರೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಮುಚ್ಚಳದ ರಬ್ಬರ್ ಬೇರೆ ಸಿಗುತ್ತದಾ ಕೇಳಿದಳು, ವಯರು ಎಷ್ಟುದ್ದ ಅಂತ ಎಳೆದು ನೋಡಿದಳು. ನಾನು ತಳ ತೆಳ್ಳಗಾಯಿತೇನೋ ಅಂದೆ. ಅವಳು ಬೆರಳಿನಿಂದ ಬಡಿದು ನೋಡಿ, ಪರವಾಗಿಲ್ಲ ಅಕ್ಕ ಅಂದಳು. ತನ್ನ ಪರ್ಸಿನಿಂದ ತಾನೇ ದುಡ್ಡು ತೆಗೆದುಕೊಟ್ಟಳು, ಗಂಡನಿಗೆ ಫೋನ್ ಮಾಡಿ ಕೇಳಲಿಲ್ಲ. ಕುಕ್ಕರಿಗಿಂತ ಅದು ನನಗೆ ಹೆಚ್ಚು ಉರಿಯಿತು. ನಾನು ಮದುವೆಯಾದ ಮೇಲೆ ಒಂದು ಸೌಟನ್ನೂ ಕೇಳದೆ ಕೊಂಡವಳಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬ ಅವಳ ತೊಡೆಯ ಮೇಲಿತ್ತು. ಅದರೊಳಗಿನ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟು, ಜಾವಗಲ್ ಬರುವ ಹೊತ್ತಿಗೆ ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಪುಸ್ತಕ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇತ್ತು, ಆದರೆ ಚಿತ್ರಗಳಿದ್ದವು. ಒಂದು ಚಿತ್ರದಲ್ಲಿ ಒಳಪಾತ್ರೆ ತುಂಬಿ ತುಳುಕಿ, ಹನಿಗಳು ಕೆಳಗೆ ಬಿಸಿಯಾಗುವ ತಟ್ಟೆಯ ಮೇಲೆ ಬೀಳುತ್ತಿದ್ದವು. ಅದರ ಮೇಲೆ ದಪ್ಪನೆಯ ಕೆಂಪು ಗುಣಾಕಾರದ ಗುರುತು. ಅದನ್ನು ಅರ್ಥ ಮಾಡಿಕೊಳ್ಳಲು ಎಸ್ಸೆಸ್ಸೆಲ್ಸಿಯೂ ಬೇಡ. ನಾನು ಆ ಪುಟವನ್ನು ಬಹಳ ಹೊತ್ತು ನೋಡಿದೆ, ಆಮೇಲೆ ಪುಸ್ತಕವನ್ನು ಮಡಚಿ ಡಬ್ಬದೊಳಗೆ ತೂರಿಸಿದೆ.

ಮಾರನೆಯ ದಿನ ಸೋಮವಾರವೂ ಅವಳು ರಜೆ ಹಾಕಿದ್ದಳು. ಕುಕ್ಕರನ್ನು ಅಡುಗೆ ಕಟ್ಟೆಯ ಮೇಲಿಟ್ಟು, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಸಿಕ್ಕಿಸಿದ್ದಳು. ಬೇಳೆ ತೊಳೆದು ಇಟ್ಟಿದ್ದಳು. ಮೈದುನ ಬಾಗಿಲ ಬಳಿ, ಅತ್ತೆ ಮಣೆಯ ಮೇಲೆ. ಇದರಲ್ಲಿ ಮುದ್ದೆ ತೊಳಸೋಕೆ ಆಯ್ತದಾ ಅಂತ ಅತ್ತೆ ಕೇಳಿದ್ದಕ್ಕೆ, ಮುದ್ದೆ ರಾತ್ರಿಗೆ ನಾನೇ ತೊಳಸ್ತೀನಿ ಅತ್ತೆ ಅಂತ ನಗುತ್ತಾ ಹೇಳಿದಳು. ಎಲ್ಲರ ಮುಖದಲ್ಲೂ ಸಂಭ್ರಮ. ನನಗೆ ತಡೆಯಲಾಗಲಿಲ್ಲ.

"ಹೊಸ ಒಲೆ ಅಲ್ವೇನೆ? ಹಾಲು ಉಕ್ಕಿಸದೆ ಬೇಳೆ ಇಡ್ತಾರಾ?" ಅಂದೆ.

ನಮ್ಮ ಕಡೆ ಹೊಸ ಮನೆಗೆ ಹೋದರೂ, ಹೊಸ ಒಲೆ ಹಾಕಿದರೂ ಮೊದಲು ಹಾಲು ಉಕ್ಕಬೇಕು. ನನ್ನ ಗ್ಯಾಸ್ ಒಲೆ ಬಂದಾಗಲೂ ಉಕ್ಕಿಸಿದ್ದೆವು. ಅತ್ತೆ ತಕ್ಷಣ ಹೌದು ಕಣಮ್ಮಿ, ಅದೊಂದು ಮರ್ತಿದ್ದೆ ಅಂದರು. ಓರಗಿತ್ತಿ ನನ್ನ ಮುಖ ನೋಡಿದಳು. ಒಂದು ಗಳಿಗೆ ಅಷ್ಟೇ. ಆಮೇಲೆ ಹೋಗಿ ಹಾಲು ತಂದು ಒಳಪಾತ್ರೆಗೆ ಸುರಿದಳು. ಸಾಕು ಅನ್ನುವಾಗ ಅತ್ತೆ, ಅಷ್ಟರಲ್ಲಿ ಎಲ್ಲಿ ಉಕ್ಕುತ್ತೆ, ಇನ್ನೂ ಹಾಕು ಅಂದರು. ಮುಚ್ಚಳ ಹಾಕದೆ ಗುಂಡಿ ಒತ್ತಿದಳು.

ಹಾಲು ಎದ್ದಿತು. ಅತ್ತೆ ಯಾವ ದಿಕ್ಕಿಗೆ ಬೀಳುತ್ತದೆ ಅಂತ ಬಗ್ಗಿ ನೋಡುತ್ತಿದ್ದರು. ಪೂರ್ವಕ್ಕೆ ಬಿದ್ದರೆ ಒಳ್ಳೆಯದು. ಅದು ಪೂರ್ವಕ್ಕೂ ಬೀಳಲಿಲ್ಲ, ಪಶ್ಚಿಮಕ್ಕೂ ಬೀಳಲಿಲ್ಲ. ಪಾತ್ರೆಗೂ ಕುಕ್ಕರಿನ ಮೈಗೂ ನಡುವಿನ ಸಂದಿಯಲ್ಲಿ ಸೀದಾ ಒಳಗೆ ಇಳಿಯಿತು. ಚುರ್ ಅಂದಿತು, ಸೀದ ವಾಸನೆ ಬಂತು, ಮನೆಯ ಕರೆಂಟೆಲ್ಲ ಒಂದೇ ಸಲ ಹೋಯಿತು. ಮೈದುನ ಓಡಿಹೋಗಿ ಸ್ವಿಚ್ಚು ಎತ್ತಿದ ಮೇಲೆ ದೀಪ ಬಂತು. ಕುಕ್ಕರ್ ಬರಲಿಲ್ಲ.

ಮಂಗಳವಾರ ಅವಳು ಕೆಲಸಕ್ಕೆ ಹೋದಳು. ಮಧ್ಯಾಹ್ನ ಮೈದುನ ತಣ್ಣಗಿನ ಅನ್ನ ತಿಂದ. ಸಂಜೆ ಅವಳು ಬಂದು ಬ್ಯಾಗು ಇಳಿಸುವ ಮೊದಲೇ, ಮುಂದಿನ ತಿಂಗಳಿಂದ ಬರಲ್ಲ ಅಂತ ಅಂಗಡಿಯವರಿಗೆ ಹೇಳಿಬಿಡು ಅಂದ. ಅವಳು ಜಗಲಿಯ ಮೆಟ್ಟಿಲ ಮೇಲೆ ಕೂತು ಸೀರೆಯ ಪಿನ್ನನ್ನು ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚುತ್ತಿದ್ದಳು. ನಾನು ಬಯಸಿದ್ದು ಇದನ್ನೇ. ಬಯಸಿದ್ದು ಕೈಗೆ ಬಂದ ಮೇಲೆ ಹಿಗ್ಗಬೇಕಿತ್ತು, ಹಿಗ್ಗಲು ಆಗಲಿಲ್ಲ. ಅವಳ ಆ ಬೆರಳುಗಳನ್ನು ನೋಡಲಾಗದೆ ನಾನು ಒಳಗೆ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ಕೊನೆಗೆ, ಕುಕ್ಕರ್ ರಿಪೇರಿಯಾಗಿ ಬರೋ ತನಕ ಮೈದುನಂಗೆ ಬಿಸಿ ಅನ್ನ ನಾನು ಹಾಕ್ತೀನಿ, ಅವಳು ಹೋಗಲಿ ಅಂತ ಹೇಳಿಬಿಟ್ಟೆ.

ಆಮೇಲಿನ ಹನ್ನೆರಡು ದಿನ ನನ್ನಂಥ ಒಳ್ಳೆಯವಳು ಹಳೇಬೀಡಿನಲ್ಲೇ ಇರಲಿಲ್ಲ. ಅತ್ತೆ ಬಂದವರ ಹತ್ತಿರವೆಲ್ಲ ಹೇಳಿದರು. ಮೈದುನ ತೋಟದಿಂದ ಎಳನೀರು ತಂದು ಮೊದಲು ನನಗೆ ಕೊಟ್ಟ. ಅವಳಂತೂ ಬೇಲೂರಿನಿಂದ ದಿನಾ ಒಂದು ಮೊಳ ಮಲ್ಲಿಗೆ ತಂದು ಅಕ್ಕ, ತಿರುಗಿ ಅಂತ ತಾನೇ ಮುಡಿಸುತ್ತಿದ್ದಳು. ನಾನು ತಿರುಗುತ್ತಿದ್ದೆ. ಹೊಗಳಿಕೆ ಸಿಹಿಯಾಗಿಯೇ ಇತ್ತು, ಸುಳ್ಳು ಹೇಳಲಾರೆ. ರಾತ್ರಿ ಆ ಮಲ್ಲಿಗೆ ತೆಗೆದಿಡುವಾಗ ಮಾತ್ರ ನನ್ನ ಕೈಯೇ ನನಗೆ ಅಸಹ್ಯವಾಗುತ್ತಿತ್ತು.

ಅರಸೀಕೆರೆಯ ಅಂಗಡಿಗೆ ರಿಪೇರಿಗೆ ಕೊಟ್ಟಿದ್ದ ಕುಕ್ಕರನ್ನು ಎರಡನೇ ಭಾನುವಾರ ಅವಳು ಒಬ್ಬಳೇ ಹೋಗಿ ತಂದಳು. ಕೆಳಗಿನ ತಟ್ಟೆ ಬದಲಾಯಿಸಿದ್ದಾರಂತೆ. ಬಿಚ್ಚಿದಾಗ ಒಳಗೆ ಹಾಲು ಸೀದು ಕರಕಲಾಗಿ ಅಂಟಿತ್ತಂತೆ. ರಿಪೇರಿಯವನು, ಪುಸ್ತಕ ನೋಡ್ಲಿಲ್ವೇನಮ್ಮ ಅಂತ ಬೈದನಂತೆ. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ, ಪಾಪ, ನಿನಗೇನು ಗೊತ್ತಿತ್ತು ಅಂದೆ. ಅವಳು ಪಕ್ಕದಲ್ಲಿ ಕುಕ್ಕರಿನ ಮುಚ್ಚಳ ಒರೆಸುತ್ತಿದ್ದಳು.

"ಗೊತ್ತಿತ್ತು ಅಕ್ಕ. ಆ ಚಿತ್ರ ಅಂಗಡೀಲೇ ನೋಡಿದ್ದೆ. ಬಸ್ಸಲ್ಲಿ ನೀವೂ ನೋಡ್ತಿದ್ರಿ, ನಂಗೆ ಪೂರ್ತಿ ನಿದ್ದೆ ಬಂದಿರ್ಲಿಲ್ಲ. ನೋಡಿದ ಮೇಲೂ ಅಕ್ಕ ಹೇಳ್ತಾವ್ರೆ ಅಂದ್ರೆ ಏನೂ ಆಗಲ್ಲ ಅಂದ್ಕೊಂಡೆ."

ಕೊಂಕು ಇದೆಯಾ ಅಂತ ಅವಳ ಮುಖ ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಜಗಳ ಆಡಬಹುದಿತ್ತು. ಇರಲಿಲ್ಲ. ಅವಳು ನಿಜವಾಗಿಯೂ ಅಚ್ಚಾದ ಪುಸ್ತಕಕ್ಕಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದಳು, ಈಗಲೂ ನಂಬಿದ್ದಳು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾಳೆ ಮತ್ತೆ ಆ ಮಲ್ಲಿಗೆಗೆ ತಲೆ ಕೊಡುವ ಧೈರ್ಯ ನನಗಿರಲಿಲ್ಲ.

"ಹಾಳಾಗುತ್ತೆ ಅಂತ ಗೊತ್ತಿದ್ದೇ ಹೇಳ್ದೆ ಕಣೆ. ನೀನು ಹೋಗೋದು ನಂಗೆ ನೋಡೋಕಾಗ್ತಿರ್ಲಿಲ್ಲ."

ಅವಳ ಕೈ ನಿಂತಿತು. ಮುಚ್ಚಳದ ಉಳಿದರ್ಧವನ್ನೂ ನಿಧಾನಕ್ಕೆ ಒರೆಸಿ, ಎದ್ದು ಒಳಗೆ ಹೋದಳು. ಗಂಡನಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಅತ್ತೆ ಈಗಲೂ ನನ್ನ ಒಳ್ಳೆಯತನದ ಕತೆಯನ್ನು ನೆಂಟರಿಗೆ ಹೇಳುತ್ತಾರೆ, ಅವಳು ಕೇಳಿಕೊಂಡು ಸುಮ್ಮನಿರುತ್ತಾಳೆ.

ಇದಾಗಿ ಎರಡು ವರ್ಷವಾಯಿತು. ಅವಳು ಕೆಲಸಕ್ಕೆ ಹೋಗುತ್ತಾಳೆ, ಮೈದುನ ಬಿಸಿ ಅನ್ನ ತಿನ್ನುತ್ತಾನೆ. ಅಕ್ಕ ಅಂತಲೇ ಕರೆಯುತ್ತಾಳೆ, ಹಬ್ಬಕ್ಕೆ ಎಡೆ ಕೊಡುತ್ತಾಳೆ, ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದಳು. ಮಾತಿನಲ್ಲಿ ಒಂದು ಎಳೆಯೂ ಕಡಿಮೆಯಾಗಿಲ್ಲ.

ಮೊನ್ನೆ ಎದುರುಮನೆಯಾಕೆ ನೀರು ಹಿಡಿಯುವಾಗ ಸಿಕ್ಕಿದಳು. ಅವಳ ಸಾರಿಗೆ ಉಪ್ಪು ಯಾವತ್ತೂ ಒಂದು ಹದಕ್ಕೆ ಬಂದಿದ್ದಿಲ್ಲ, ಹುಣಿಸೆಹುಳಿ ಹಾಕುವ ಅಂದಾಜೂ ಇಲ್ಲ. ಆದರೂ ಎದೆಯುಬ್ಬಿಸಿ ಹೇಳಿದಳು: ನಿಮ್ಮ ಓರಗಿತ್ತಿ ನೆನ್ನೆ ನಮ್ಮನೇಗೆ ಬಂದಿದ್ಲು ಕಣ್ರೀ, ಹುರುಳಿಕಾಳಿಗೆ ಎಷ್ಟು ನೀರಿಡಬೇಕು ಅಂತ ಕೇಳ್ಕೊಂಡು ಹೋದ್ಲು. ನಾನು ಹೌದಾ ಅಂದೆ. ಬಿಂದಿಗೆ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ನನಗೆ ಗೊತ್ತಾಗಲಿಲ್ಲ. ಓರಗಿತ್ತಿ ನನ್ನ ಅಡುಗೆಮನೆ ದಾಟಿಕೊಂಡು, ರಸ್ತೆ ದಾಟಿಕೊಂಡು, ಉಪ್ಪು ಹಾಕಲು ಬಾರದ ಆ ಹೆಂಗಸನ್ನು ಕೇಳಲು ಹೋಗಿದ್ದಳು. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ.