ಅಕ್ಕನ ಚಂಚಿಯ ಹಸಿರು ತುಂಡು

ಅತ್ತೆಯ ಮೇಲೆ ನನಗಿರುವ ಸಿಟ್ಟು ಇಷ್ಟು ವರ್ಷವಾದರೂ ಆರಿಲ್ಲ. ಆರಲಿ ಎಂದು ನಾನು ಬಯಸಿಯೂ ಇಲ್ಲ.

ಭಾಲ್ಕಿಯ ನಮ್ಮ ಓಣಿಯಲ್ಲಿ, ಮದುವೆಯಾಗಿ ಹೋಗುವ ಹುಡುಗಿಗೆ ಸೂಜಿ, ದಾರ ಇಟ್ಟುಕೊಳ್ಳಲು ಅಂಗೈಯಗಲದ ಚಂಚಿ ಹೊಲಿದು ಕೊಡುತ್ತಿದ್ದರು. ಹೊಸ ಬಟ್ಟೆ ಹಾಕುವಂತಿಲ್ಲ. ಓಣಿಯ ಪ್ರತಿ ಮನೆಯಿಂದಲೂ ಹೊಲಿದು ಉಳಿದ ಒಂದು ತುಂಡು ಬರಬೇಕು, ತವರುಮನೆಯದೂ ಸೇರಿ. ಅಂಚಿಗೆ ಬಣ್ಣದ ಗೊಂಡೆ, ನಡುನಡುವೆ ಗಾಜಿನ ಮಣಿ. ಅಕ್ಕನ ಚಂಚಿ ಹೊಲಿದವಳು ಎದುರು ಮನೆಯ ಮುಸಲ್ಮಾನ ದರ್ಜಿಯ ಹೆಂಡತಿ. ನಮಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ನನ್ನ ಕೈಗೆ ಮೊದಲು ಸೂಜಿ ಕೊಟ್ಟವಳೂ ಅವಳೇ.

ಚಂಚಿ ಮುಗಿದ ಮೇಲೆ ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮನ ಬಂಟರಾದ ರಜಾಕಾರರ ಕಾಟ ತಪ್ಪಿತೆಂದು ಓಣಿ ಉಸಿರು ಬಿಡುವಷ್ಟರಲ್ಲಿ, ಯಾರ ತಂಟೆಗೂ ಹೋಗದ ಆ ದರ್ಜಿಯನ್ನು ಯಾರೋ ಎಳೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ. ಖಾಲಾ ಬಾಗಿಲು ಮುಚ್ಚಿಕೊಂಡು ಕೂತಳು.

ಮದುವೆಗೆ ಔರಾದಿನಿಂದ ಅಪ್ಪನ ಅಕ್ಕ ಬಂದಳು. ಅವಳೇ ಈ ಅತ್ತೆ. ಚಂಚಿಯನ್ನು ಹಿಂದೆ ಮುಂದೆ ತಿರುಗಿಸಿ, ಹಸಿರು ರೇಷ್ಮೆಯ ತುಂಡಿನ ಮೇಲೆ ಬೆರಳಿಟ್ಟಳು.

“ಹಸಿರು ಬಣ್ಣ ನೋಡು, ಇದು ಅವರ ಮನಿದು. ಇದನ್ನ ತಗೊಂಡು ನಮ್ಮ ಹುಡುಗಿ ಹ್ಯಾಂಗ ಹೋಗ್ತಾಳ?”

ಅಕ್ಕನ ಕೈತುಂಬ ಹಸಿರು ಬಳೆಗಳಿದ್ದವು. ಅವು ಆ ಮಹಾತಾಯಿಯ ಕಣ್ಣಿಗೆ ಬೀಳಲಿಲ್ಲ! ಕತ್ತರಿ ತಂದು ಹೊಲಿಗೆ ಬಿಚ್ಚಿ, ತುಂಡನ್ನು ಅಂಗಳಕ್ಕೆ ಎಸೆದಳು. ಅವ್ವ ತುಟಿ ಎರಡು ಮಾಡಲಿಲ್ಲ. ನನಗೆ ಅತ್ತೆಗಿಂತ ಅವ್ವನ ಮೇಲೆ ಮೈಯೆಲ್ಲ ಉರಿಯಿತು. ತುಂಡನ್ನು ಎತ್ತಿಕೊಂಡು ಖಾಲಾಳ ಬಾಗಿಲು ಬಡಿದೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಇದು ನಂದಲ್ಲ, ಬೇಟಿ. ನಿಮ್ಮವ್ವನ ಮದುವಿ ಕುಪ್ಪಸದ್ದು. ನಿಮ್ಮ ಮನಿ ತುಂಡು ಅಂತ ಆಕಿನೇ ಕೊಟ್ಟಿದ್ಳು. ನಂದು ಕುಂಕುಮದ ಬಣ್ಣದ್ದು, ಗೊಂಡಿ ಕೆಳಗ ಅದ. ಅದು ಇನ್ನೂ ಅದ, ಹೌದಿಲ್ಲೋ?”

ಅತ್ತೆಯ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು ಮನೆಗೆ ಓಡಿದೆ. ಹೊಸ್ತಿಲಲ್ಲೇ ಅವ್ವ ನನ್ನ ರಟ್ಟೆ ಹಿಡಿದಳು.

“ಬಾಯಿ ಮುಚ್ಚು. ಹೇಳಿದಿ ಅಂದ್ರ ಅದನ್ನೂ ಕೀಳ್ತಾಳ.”

ಊಟಕ್ಕೆ ಕೂತ ಅತ್ತೆಗೆ ನಾನೇ ಹಲ್ಲು ಕಚ್ಚಿಕೊಂಡು ಹೋಳಿಗೆ ಬಡಿಸಿದೆ. ಇನ್ನಷ್ಟು ತುಪ್ಪ ಹಾಕು ಎಂದಳು, ಹಾಕಿದೆ. ಅಕ್ಕ ತವರಿನ ತುಂಡೇ ಇಲ್ಲದ ಚಂಚಿ ಹಿಡಿದು ಗಂಡನ ಮನೆಗೆ ಹೋದಳು.