ಅತ್ತೆ ಹುಡುಕಿದ ಬೇರು

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಕರಿಮಣ್ಣು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ತಿಕೋಟಾದ ನಮ್ಮ ಹೊಲದಲ್ಲಿ ಕರಿಕೆ ಹುಲ್ಲು ಕಿತ್ತರೆ, ಕಣ್ಣಿನ ಮಟ್ಟಕ್ಕೆ ಎತ್ತಿ, ಬೇರು ಪೂರ್ತಿ ಬಂತೇ ಎಂದು ನೋಡಿಯೇ ಬದುವಿಗೆ ಎಸೆಯುವಳು. "ಬೇರು ನೋಡದೆ ಕೈ ಝಾಡಿಸಬಾರದು" ಎನ್ನುವುದು ಅವಳ ಮಾತು. ಎಲ್ಲರ ಊಟ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ನಕ್ಕರೆ ಸೆರಗು ಬಾಯಿಗೆ ಹೋಗುತ್ತಿತ್ತು. ಹೆಂಗಸರ ನಾಚಿಕೆ ಎಂದುಕೊಂಡಿದ್ದೆ.

ಅರವತ್ತರ ದಶಕದ ಆರಂಭ, ನನಗೆ ಎಂಟು ವರ್ಷ. ಮೊದಲ ಹಲ್ಲುಗಳು ಶಾಲೆಯಲ್ಲೇ ಬಿದ್ದಿದ್ದವು. ಗೆಳತಿಯರ ಜೊತೆ ಸಗಣಿ ಉಂಡೆಯಲ್ಲಿಟ್ಟು ಮಾಳಿಗೆಗೆ ಎಸೆದಿದ್ದೆ. ಮೇಲಿನ ಮುಂಬಲ್ಲಿನ ಪಕ್ಕದ್ದು ಮಾತ್ರ ರೊಟ್ಟಿ ಕಡಿಯುವಾಗ ಅತ್ತೆಯ ಎದುರಿಗೇ ಬಿತ್ತು. ಅದನ್ನು ಬೆಳಕಿಗೆ ಹಿಡಿದವಳ ಮುಖ ಬಿಳಿಚಿತು.

"ಯವ್ವಾ, ಬೇರ ಇಲ್ಲಲ್ಲ! ಒಳಗ ಮುರದು ಉಳದೈತಿ. ಹೊಸಾ ಹಲ್ಲ ಹೆಂಗ ಬರಬೇಕು?"

ಮರುದಿನವೇ ಬಸ್ಸು ಹತ್ತಿಸಿ ವಿಜಾಪುರದ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಳು. ವಸಡು ಅಗೆಸಿಯೇ ಬಿಡುತ್ತಾಳೆಂದು ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ.

ಡಾಕ್ಟರು ನಕ್ಕರು. "ಮುರದಿಲ್ಲವಾ, ಕರಗೇತಿ. ಹಾಲುಹಲ್ಲಿನ ಬೇರು ಕರಗಿ ಹೊಸಾ ಹಲ್ಲಿಗೆ ದಾರಿ ಬಿಡತೈತಿ. ಎಲ್ಲಾ ಮಕ್ಕಳದೂ ಹಿಂಗ."

"ಬೇರ ಕರಗೂದು ಎಲ್ಲೆರ ಐತೇನ್ರಿ ಸಾಹೇಬ್ರ? ಒಂದೀಟು ಕೆದರಿ ನೋಡ್ರಿ."

"ಇಲ್ಲದ್ದನ್ನ ಏನ್ ತಗೀಲಿ?"

ತಿರುಗಿ ಬರುವಾಗ ಅವಳು ಹಲ್ಲನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದಳು. ಅದನ್ನು ಮಾಳಿಗೆಗೆ ಎಸೆಯಲು ಬಿಡಲಿಲ್ಲ.

ಆ ಜಾಗದಲ್ಲಿ ಹಲ್ಲು ಬರಲೇ ಇಲ್ಲ. ನನ್ನನ್ನು ನೋಡಲು ಬಂದ ಗಂಡಿನವರಿಗೆ ಅತ್ತೆಯೇ, "ಹುಡುಗಿದೇನೂ ಐಬಿಲ್ರಿ. ನಾನ ಹಠಾ ಹಿಡದು ಬೇರ ತಗಸಬೇಕಾಗಿತ್ತು, ತಗಸಲಿಲ್ಲ, ತಪ್ಪು ನಂದು" ಎಂದಳು. ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ತಿಳಿಯದು.

ಎಷ್ಟೋ ವರ್ಷಗಳ ಮೇಲೆ ಬೇರೊಬ್ಬ ಡಾಕ್ಟರು ದವಡೆಯ ಎಕ್ಸ್-ರೇ ತೆಗೆದು, ಒಳಗೆ ಹೊಸ ಹಲ್ಲು ಹುಟ್ಟಿನಿಂದಲೇ ಇರಲಿಲ್ಲ, ಕೆಲವು ಮನೆತನಗಳಲ್ಲಿ ಹೀಗಿರುತ್ತದೆ ಎಂದರು. ತವರಿಗೆ ಹೋದವಳೇ ಅತ್ತೆಗೆ ಹೇಳಿದೆ.

"ಮತ್ತ ಆ ಬೇರು ಯಾರಿಗೆ ದಾರಿ ಬಿಡಾಕ ಕರಗಿತವಾ?"



ಅವಳ ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡಲು ನನ್ನನ್ನೇ ಕರೆದರು. ಸೆರಗು ಸರಿಸಿದೆ. ಅಷ್ಟು ವಯಸ್ಸಾದರೂ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು. ಮೇಲೆ, ಮುಂಬಲ್ಲಿನ ಪಕ್ಕ, ನನ್ನದೇ ಜಾಗ, ಖಾಲಿ.

ಅಂದು ಅಷ್ಟು ಅವಸರದಲ್ಲಿ ಬಸ್ಸು ಹತ್ತಿದ್ದು ಯಾಕೆಂದು ಆಗ ಹೊಳೆಯಿತು. ಒಂದು ಮಾತು ಯಾಕೆ ಹೇಳಲಿಲ್ಲ ಅತ್ತಿ? ಚಮಚ ಹಿಡಿದುಕೊಂಡು ಆ ಸಂದನ್ನೇ ನೋಡುತ್ತ ಕುಳಿತುಬಿಟ್ಟೆ.

"ನೀರು ಬಿಡವಾ" ಎಂದು ಹಿಂದಿನಿಂದ ಯಾರೋ ಅಂದರು.